ಬೀಜರಹಿತ ದ್ರಾಕ್ಷಿ: ಬೆಂಗಳೂರಿನ ಹವೆಯಲ್ಲಿ ಚಾಟನಿ ದಿನ ಗೊತ್ತುಮಾಡುವುದು

ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ನಿದ್ದೆಗೆ ಹೋಗುತ್ತದೆ. ಬೆಂಗಳೂರು, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಅಷ್ಟು ಚಳಿಯಿಲ್ಲ, ಬಳ್ಳಿ ವರ್ಷವಿಡೀ ಹಸಿರಾಗಿಯೇ ಇರುತ್ತದೆ. ಹಾಗಾಗಿ ಯಾವಾಗ ಚಿಗುರಬೇಕು, ಯಾವಾಗ ಹಣ್ಣಾಗಬೇಕು ಎಂಬುದನ್ನು ನಾವೇ ಕತ್ತರಿಯಿಂದ ಹೇಳಬೇಕು. ವರ್ಷಕ್ಕೆ ಎರಡು ಚಾಟನಿ (ಬಳ್ಳಿಯ ಕಡ್ಡಿ ಕತ್ತರಿಸುವುದು), ಒಂದು ಬೆಳೆ. ಏಪ್ರಿಲ್ ಚಾಟನಿ ಕಡ್ಡಿಗೆ, ಅಕ್ಟೋಬರ್ ಚಾಟನಿ ಹಣ್ಣಿಗೆ.

ತಿಂಗಳ ಹೆಸರು ಬಾಯಿಪಾಠ ಮಾಡಿದರೆ ಸಾಲದು, ಹಿಂದಿನ ಲೆಕ್ಕ ತಿಳಿಯಬೇಕು. ಹಣ್ಣಿನ ಚಾಟನಿಯಿಂದ ಕೊಯ್ಲಿಗೆ ಸುಮಾರು 110ರಿಂದ 130 ದಿನ. ಇಲ್ಲಿ ಸೆಪ್ಟೆಂಬರಿನಿಂದ ಅಕ್ಟೋಬರ್ ಮಧ್ಯದವರೆಗೆ ಮಳೆ ಜೋರು. ಆಗಲೇ ಕತ್ತರಿಸಿದರೆ ಎಳೆ ಚಿಗುರು ನೆನೆದು ಬೂಜು ರೋಗಕ್ಕೆ, ಅಂದರೆ ಡೌನಿಗೆ, ತುತ್ತಾಗುತ್ತದೆ. ನವೆಂಬರ್ ಕೊನೆಗೆ ತಳ್ಳಿದರೆ ಹಣ್ಣು ಸಿಹಿಯಾಗುವ ಹೊತ್ತಿಗೆ ಏಪ್ರಿಲ್‌ನ ಗುಡುಗು ಮಳೆ, ಆಲಿಕಲ್ಲು ಬಂದು ಹಣ್ಣು ಸೀಳುತ್ತದೆ. ಅಕ್ಟೋಬರ್ ಮೂರನೇ ವಾರದಿಂದ ಸ್ವಾತಿ ಮಳೆ ಮುಗಿಯುವ ನವೆಂಬರ್ ಮೊದಲ ವಾರದವರೆಗಿನ ಸಂದಿಯೇ ಲೇಸು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿಯಿದ್ದರೆ ನಾಲ್ಕು ದಿನ ಕಾಯುವುದು ಔಷಧಿ ಖರ್ಚಿಗಿಂತ ಅಗ್ಗ.

ತಳಿ

ಬೆಂಗಳೂರು ನೀಲಿ ಇಲ್ಲಿನ ಹವೆಗೆ ಒಗ್ಗಿದ ಗಟ್ಟಿ ತಳಿ, ಆದರೆ ಬೀಜವಿದೆ. ಬೀಜರಹಿತಕ್ಕೆ ಥಾಮ್ಸನ್ ಸೀಡ್‌ಲೆಸ್, ಅದರಿಂದಲೇ ಆಯ್ದ ಸೊನಾಕಾ ಮತ್ತು ತಾಸ್-ಎ-ಗಣೇಶ್, ಕಪ್ಪಿನಲ್ಲಿ ಶರದ್ ಸೀಡ್‌ಲೆಸ್. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನೀಲಮಣಿ ಕೂಡ ಬೀಜರಹಿತ; ಬ್ಲ್ಯಾಕ್ ಚಂಪಾ ಮತ್ತು ಥಾಮ್ಸನ್ ಸಂಕರ. ಬೇರುಕಾಂಡಕ್ಕೆ, ಅಂದರೆ ತಳಿಯನ್ನು ಕಸಿ ಕಟ್ಟುವ ಬುಡದ ಗಿಡಕ್ಕೆ, ಡಾಗ್‌ರಿಡ್ಜ್: ಬರ, ಉಪ್ಪುನೀರು ಎರಡನ್ನೂ ತಡೆಯುತ್ತದೆ.

ಏಪ್ರಿಲ್ ಚಾಟನಿ

ಕಡ್ಡಿಯನ್ನು ಬುಡದ ಒಂದೆರಡು ಕಣ್ಣು, ಅಂದರೆ ಚಿಗುರುವ ಮೊಗ್ಗು, ಉಳಿಯುವಂತೆ ಕತ್ತರಿಸಬೇಕು. ಮುಂದಿನ ಬೆಳೆ ನಿಂತಿರುವುದು ಇದರ ಮೇಲೆಯೇ. ಚಾಟನಿಯಾದ 40ರಿಂದ 60 ದಿನದೊಳಗೆ ಹೊಸ ಕಡ್ಡಿಯ ಕಣ್ಣಿನೊಳಗೆ ಗೊಂಚಲು ರೂಪುಗೊಳ್ಳುತ್ತದೆ. ಆಗ ಬಿಸಿಲು ಬೇಕು. ಮೋಡ ಕವಿದರೆ, ಚಪ್ಪರ ದಟ್ಟವಾದರೆ, ಯೂರಿಯಾ ಹೆಚ್ಚಾದರೆ ಗೊಂಚಲಾಗಬೇಕಾದದ್ದು ಕುಡಿಬಳ್ಳಿಯಾಗಿಬಿಡುತ್ತದೆ. ಜೂನ್ ಮೋಡಕ್ಕೆ ಮೊದಲೇ ಈ ಹಂತ ದಾಟಲೆಂದು ಕೊಯ್ಲಾದ ಬಳ್ಳಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಏಪ್ರಿಲ್ ಮೊದಲಲ್ಲೇ ಕತ್ತರಿಸುವುದು ಒಳ್ಳೆಯದು. ಚಿಗುರು ಏಳೆಂಟು ಎಲೆಯಾದಾಗ ತುದಿ ಚಿವುಟಿ, ನೀರು ಮತ್ತು ಸಾರಜನಕ ಇಳಿಸಿ. ಅಕ್ಟೋಬರ್ ಚಾಟನಿಯ ನಂತರ ಹೂವೇ ಬರಲಿಲ್ಲವೆಂದರೆ ತಪ್ಪನ್ನು ಮೇ ತಿಂಗಳಲ್ಲಿ ಹುಡುಕಿ.

ಅಕ್ಟೋಬರ್ ಚಾಟನಿ

ಕತ್ತರಿಸಿದ ಕಡ್ಡಿಯ ತುದಿಗಣ್ಣು ಮಾತ್ರ ಒಡೆಯುತ್ತದೆ, ಉಳಿದವು ಸುಮ್ಮನಿರುತ್ತವೆ. ಸಮನಾಗಿ ಚಿಗುರಲು ಹೈಡ್ರೋಜನ್ ಸಯನಮೈಡ್ ಸವರುತ್ತಾರೆ: ಶೇ 50ರ ದ್ರಾವಣ 30 ಮಿ.ಲೀ.ಗೆ ನೀರು ಬೆರೆಸಿ ಒಂದು ಲೀಟರ್ ಮಾಡಿದರೆ ಶೇ 1.5. ಚಾಟನಿಯಾದ 48 ಗಂಟೆಯೊಳಗೆ ಕಣ್ಣಿಗಷ್ಟೇ ಹಚ್ಚಬೇಕು. ಕೈಗವಸು, ಕನ್ನಡಕ ಕಡ್ಡಾಯ. ಹಚ್ಚುವವರು ಹಿಂದಿನ ದಿನವಾಗಲಿ ಮುಂದಿನ ಕೆಲವು ದಿನವಾಗಲಿ ಮದ್ಯ ಮುಟ್ಟಬಾರದು. ದೇಹದಲ್ಲಿ ಮದ್ಯ ಕರಗುವುದನ್ನೇ ಈ ರಾಸಾಯನಿಕ ತಡೆಯುವುದರಿಂದ ಪ್ರಾಣಕ್ಕೇ ಅಪಾಯ. ಕೂಲಿಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ.

ಡೌನಿ

ಚಿಗುರು ಮೂರೆಲೆಯಾದಾಗಿನಿಂದ ಕಾಯಿ ಕಚ್ಚುವವರೆಗೆ ಭಯ. ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂಥ ಹಳದಿ ಮಚ್ಚೆ, ಅಡಿಯಲ್ಲಿ ಬಿಳಿ ಬೂಜು. ಅನುಮಾನವಿದ್ದರೆ ಆ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿ ಕತ್ತಲಲ್ಲಿಡಿ. ಡೌನಿಯಾದರೆ ಬೆಳಿಗ್ಗೆ ಹೊಸ ಬೂಜು ಎದ್ದಿರುತ್ತದೆ. ಎಲೆ ಒದ್ದೆಯಾಗದೆ ಈ ರೋಗ ಹತ್ತದು. ಸಂಜೆ ನೀರು ಚಿಮುಕಿಸಬೇಡಿ, ಚಪ್ಪರದೊಳಗೆ ಗಾಳಿಯಾಡಲಿ.

ಡೌನಿ ತಡೆಯಲು ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಬೆರೆಸಬೇಕು. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಲೆ ಸುಡುತ್ತದೆ. ಸುಣ್ಣದ ತಿಳಿ ಸೇರಿಸಿ. ಚಾಟನಿಗೆ ಮುಂಚೆ ಶೇ 1 ಸರಿ, ಎಳೆ ಚಿಗುರಿಗೆ ಶೇ ಅರ್ಧ ಸಾಕು, ಹೂವಿನ ಸಮಯದಲ್ಲಿ ಬೇಡ.

ಬೂದಿ ರೋಗ ಮಳೆ ನಿಂತ ಮೇಲಿನ ಪಾಡು. ಗಂಧಕ ಕೆಲಸ ಮಾಡುತ್ತದೆ, ಉರಿಬಿಸಿಲಲ್ಲಿ ಹೊಡೆಯಬೇಡಿ.

ಜಿಬ್ರಲಿಕ್ ಆಮ್ಲ

ಥಾಮ್ಸನ್ ಬಗೆಯಲ್ಲಿ ಬೀಜ ಶುರುವಾಗಿ ಅರ್ಧಕ್ಕೇ ಸಾಯುತ್ತದೆ. ಕಾಯಿ ಹಿಗ್ಗಿಸುವ ಜಿಬ್ರಲಿನ್ ಬೀಜದಿಂದ ಬರಬೇಕಾದದ್ದು, ಬೀಜವಿಲ್ಲದ ಕಾಯಿ ಸಣ್ಣ. ಆದ್ದರಿಂದ ಅದನ್ನು ಜಿಬ್ರಲಿಕ್ ಆಮ್ಲವಾಗಿ ಹೊರಗಿಂದ ಕೊಡುತ್ತೇವೆ. 100 ಲೀಟರಿಗೆ 1 ಗ್ರಾಂ ಎಂದರೆ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10 ಭಾಗ). ಮೊದಲು ಸ್ವಲ್ಪ ಅಸಿಟೋನ್ ಅಥವಾ ಸ್ಪಿರಿಟ್‌ನಲ್ಲಿ ಕರಗಿಸಿಕೊಳ್ಳಿ. ಹೂಗೊಂಚಲು ಗಿಳಿಹಸಿರಾದಾಗ 10 ಪಿಪಿಎಂ, ನಾಲ್ಕೈದು ದಿನಕ್ಕೆ 15: ಗೊಂಚಲ ದಂಟು ಉದ್ದವಾಗಿ ಕಾಯಿಗೆ ಜಾಗವಾಗುತ್ತದೆ. ಕಾಯಿ 3–4 ಮಿ.ಮೀ. ಇದ್ದಾಗ 40ರಲ್ಲಿ, 6–7 ಮಿ.ಮೀ.ಗೆ ಇನ್ನೊಮ್ಮೆ ಅದ್ದಬೇಕು. ಇದು ಥಾಮ್ಸನ್ ಲೆಕ್ಕ, ಶರದ್‌ಗೆ ಇಷ್ಟು ಬೇಡ. ಅತಿಯಾದರೆ ದಂಟು ತಿರುಚಿ ಬಿರುಸಾಗುತ್ತದೆ, ಹಣ್ಣು ಉದುರುತ್ತದೆ, ಮುಂದಿನ ವರ್ಷದ ಗೊಂಚಲೂ ಕಡಿಮೆ.

ಕೊಯ್ಲು

ಕಿತ್ತ ಮೇಲೆ ದ್ರಾಕ್ಷಿ ಸಿಹಿಯಾಗುವುದಿಲ್ಲ. ಗೊಂಚಲ ತುದಿಯ ಹಣ್ಣು ಕೊನೆಗೆ ಮಾಗುವುದರಿಂದ ಅದನ್ನೇ ಹಿಂಡಿ ಸಿಹಿ ಅಳೆಯುವ ಬ್ರಿಕ್ಸ್ ಮಾಪಕದಲ್ಲಿ ನೋಡಿ. ಥಾಮ್ಸನ್‌ಗೆ 18 ಬಂದರೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ ಕತ್ತರಿಸಿ.