ತೊಟ್ಟಿಲ ಸಾವು ಮತ್ತು ಕಲುಷಿತ ಗಾಳಿ: ಅನುಮಾನದಿಂದ ಪುರಾವೆಯವರೆಗೆ

ಚೆನ್ನಾಗಿಯೇ ಇದ್ದ ಕೂಸು ಮಲಗಿದಲ್ಲೇ ತೀರಿಹೋಗಿರುತ್ತದೆ, ಮರಣೋತ್ತರ ಪರೀಕ್ಷೆಯಲ್ಲೂ ಕಾರಣ ಸಿಗುವುದಿಲ್ಲ. ಇಂಥ ಸಾವುಗಳಿಗೆ 1969ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸೇರಿದ್ದ ತಜ್ಞರು ಹಠಾತ್ ಶಿಶು ಮರಣ ಸಿಂಡ್ರೋಮ್, ಅಂದರೆ ಸಿಡ್ಸ್, ಎಂಬ ಹೆಸರಿನಡಿ ಒಂದು ವ್ಯಾಖ್ಯೆ ಕೊಟ್ಟರು. 1991ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು: ಮಗುವಿಗೆ ಒಂದು ವರ್ಷ ತುಂಬಿರಬಾರದು, ಶವಪರೀಕ್ಷೆ, ಸಾವು ನಡೆದ ಸ್ಥಳದ ತಪಾಸಣೆ, ಹಿಂದಿನ ಆರೋಗ್ಯದ ವಿವರ ಮೂರನ್ನೂ ನೋಡಿದ ಮೇಲೂ ಕಾರಣ ತಿಳಿಯದಿರಬೇಕು. ಉಳಿದೆಲ್ಲವನ್ನೂ ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು ಇದು. ಪರಿಸರದ ವಿಷಗಳ ಮೇಲೆ ಮತ್ತೆ ಮತ್ತೆ ಅನುಮಾನ ಬಂದದ್ದೂ ಅದಕ್ಕೇ.

ಅಂಥ ಅನುಮಾನಗಳಲ್ಲಿ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಬ್ರಿಟನ್ನಿನ ಹಾಸಿಗೆಯ ವಾದ. ಹಾಸಿಗೆಯ ಪಿವಿಸಿ ಹೊದಿಕೆಗೆ ಬೇಗ ಬೆಂಕಿ ಹತ್ತದಿರಲಿ ಎಂದು ಆಂಟಿಮನಿ ಎಂಬ ಲೋಹದ ಅಂಶ ಸೇರಿಸಿರುತ್ತಾರೆ, ಬೆವರು ಮೂತ್ರದಿಂದ ತೇವವಾದಲ್ಲಿ ಬೂಸ್ಟು ಬೆಳೆದು ಅದನ್ನು ಸ್ಟಿಬೀನ್ ಎಂಬ ವಿಷಾನಿಲವಾಗಿ ಬದಲಿಸುತ್ತದೆ ಎಂದು 1989ರಲ್ಲಿ ಬ್ರಿಟಿಷ್ ವಿಜ್ಞಾನಿ ಬ್ಯಾರಿ ರಿಚರ್ಡ್‌ಸನ್ ಹೇಳಿದರು. 1994ರಲ್ಲಿ ಟಿವಿಯಲ್ಲಿ ಇದು ಬಿತ್ತರವಾದಾಗ ತಾಯ್ತಂದೆಯರು ದಿಗಿಲುಬಿದ್ದರು. ಲೇಡಿ ಲಿಮೆರಿಕ್ ನೇತೃತ್ವದ ಸಮಿತಿ ಇದನ್ನು ಪರೀಕ್ಷಿಸಿ 1998ರಲ್ಲಿ ವರದಿ ಕೊಟ್ಟಿತು. ತೊಟ್ಟಿಲಿನಲ್ಲಿ ಇರಬಹುದಾದ ಪರಿಸ್ಥಿತಿಯಲ್ಲಿ ಹಾಸಿಗೆಯಿಂದ ಆ ಅನಿಲ ಹೊರಡಲೇ ಇಲ್ಲ. ಸಿಡ್ಸ್‌ನಿಂದ ತೀರಿಕೊಂಡ ಮಕ್ಕಳ ಅಂಗಾಂಶದಲ್ಲಿದ್ದ ಆಂಟಿಮನಿಯ ಪ್ರಮಾಣವೂ, ಗೊತ್ತಿರುವ ಕಾರಣಗಳಿಂದ ಸತ್ತ ಮಕ್ಕಳಲ್ಲಿದ್ದ ಪ್ರಮಾಣವೂ ಒಂದೇ ಬಗೆಯಾಗಿದ್ದವು. ಹೋಲಿಸಲು ಈ ಎರಡನೇ ಗುಂಪು ಇಲ್ಲದಿದ್ದರೆ, ದೇಹದಲ್ಲಿ ಲೋಹ ಸಿಕ್ಕಿತೆಂಬುದೇ ಪುರಾವೆಯಂತೆ ಕಾಣುತ್ತಿತ್ತು.

ನಿಜವಾದ ತಿರುವು ಬಂದದ್ದು ಮಲಗುವ ಭಂಗಿಯಿಂದ. 1987ರಿಂದ 1990ರವರೆಗೆ ನ್ಯೂಜಿಲೆಂಡಿನಲ್ಲಿ ನಡೆದ ಅಧ್ಯಯನ ಬೋರಲಾಗಿ ಮಲಗಿಸುವುದನ್ನೂ ತಾಯಿಯ ಧೂಮಪಾನವನ್ನೂ ದೊಡ್ಡ ಅಪಾಯಗಳೆಂದು ಗುರುತಿಸಿತು. ಅಂಗಾತ ಮಲಗಿಸಿ ಎಂಬ ಪ್ರಚಾರದ ನಂತರದ ವರ್ಷಗಳಲ್ಲಿ ಅಮೆರಿಕದಲ್ಲಿ ಸಿಡ್ಸ್ ಸಾವಿನ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಉಳಿದ ಸಾವುಗಳಲ್ಲಿ ತಂಬಾಕಿನ ಪಾಲು ಎದ್ದು ಕಂಡಿತು.

ತಂಬಾಕು ಹೇಗೆ ಕೊಲ್ಲುತ್ತದೆ? ನಿಕೋಟಿನ್ ಮಾಸು ದಾಟಿ ಭ್ರೂಣದ ಮಿದುಳುಕಾಂಡವನ್ನು ತಲುಪುತ್ತದೆ. ಉಸಿರಾಟ, ಎದೆಬಡಿತ, ನಿದ್ದೆಯಿಂದ ಎಚ್ಚರಗೊಳ್ಳುವುದು ಎಲ್ಲದರ ಹಿಡಿತವಿರುವುದು ಅಲ್ಲೇ. ಆಮ್ಲಜನಕ ಕಡಿಮೆಯಾದಾಗ ಆರೋಗ್ಯವಂತ ಕೂಸು ತಲೆ ಹೊರಳಿಸುತ್ತದೆ, ಏದುಸಿರು ಬಿಡುತ್ತದೆ, ಅಳುತ್ತದೆ. ಈ ಪ್ರತಿಕ್ರಿಯೆ ಮಂಕಾಗಿದ್ದರೆ ಮುಖದ ಮೇಲೆ ಬಿದ್ದ ಹೊದಿಕೆಯೂ ಜೀವಕ್ಕೆ ಎರವಾಗಬಹುದು. 1994ರಲ್ಲಿ ಫಿಲಿಯಾನೊ ಮತ್ತು ಕಿನ್ನಿ ಮಂಡಿಸಿದ ‘ಮೂರು ಅಪಾಯ’ಗಳ ಮಾದರಿ ಇದನ್ನೇ ಹೇಳುತ್ತದೆ: ಒಳಗಿನ ದೌರ್ಬಲ್ಯ, ನಾಜೂಕಾದ ವಯಸ್ಸು, ಹೊರಗಿನ ಒತ್ತಡ ಒಟ್ಟಿಗೆ ಬಂದಾಗ ಸಾವು. ಎರಡರಿಂದ ನಾಲ್ಕು ತಿಂಗಳ ವಯಸ್ಸಿನಲ್ಲೇ ಸಾವು ಹೆಚ್ಚು. ಹೊಗೆಯಂತೂ ಹುಟ್ಟುವ ಮೊದಲೇ ಒಳಗಿನ ದೌರ್ಬಲ್ಯ ತರುತ್ತದೆ, ಹುಟ್ಟಿದ ಮೇಲೆ ಹೊರಗಿನ ಒತ್ತಡವೂ ಆಗುತ್ತದೆ. ಬೇರೆಯವರು ಸೇದಿ ಬಿಟ್ಟ ಹೊಗೆಗೂ ಸಿಡ್ಸ್‌ಗೂ ಇರುವುದು ಕಾರ್ಯಕಾರಣ ಸಂಬಂಧವೇ ಎಂದು 2006ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯ, ವರದಿ ತೀರ್ಮಾನಿಸಿತು. ಬಸಿರಿನಲ್ಲಿ ದಿನಕ್ಕೆ ಒಂದೇ ಸಿಗರೇಟು ಸೇದಿದರೂ ಹಠಾತ್ ಶಿಶು ಮರಣದ ಅಪಾಯ ಸುಮಾರು ಇಮ್ಮಡಿಯಾಗುತ್ತದೆ, 20ರವರೆಗೆ ಪ್ರತಿ ಸಿಗರೇಟಿಗೂ ಏರುತ್ತಲೇ ಹೋಗುತ್ತದೆ ಎಂಬುದು 2019ರ ಅಮೆರಿಕದ ಅಧ್ಯಯನದಲ್ಲಿ ಕಂಡದ್ದು. ಕಡಿಮೆ ಸೇದುತ್ತೇನಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ.

ಹೊರಗಿನ ಗಾಳಿಯ ವಿಚಾರ ಇಷ್ಟು ನಿಚ್ಚಳವಲ್ಲ. 1997ರಲ್ಲಿ ವುಡ್‌ರಫ್ ಮತ್ತು ಸಂಗಡಿಗರು ಅಮೆರಿಕದ 86 ನಗರ ಪ್ರದೇಶಗಳ ಸುಮಾರು 40 ಲಕ್ಷ ಶಿಶುಗಳ ದಾಖಲೆ ನೋಡಿದರು. ಪಿಎಂ10, ಅಂದರೆ 10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳ, ದೂಳು ಹೆಚ್ಚಿದ್ದ ಕಡೆ, ಸರಿಯಾದ ತೂಕದೊಂದಿಗೆ ಹುಟ್ಟಿದ ಮಕ್ಕಳಲ್ಲೂ ಸಿಡ್ಸ್ ಸಂಭವ ಶೇ. 26ರಷ್ಟು ಹೆಚ್ಚಿತ್ತು. 2004ರಲ್ಲಿ ಕೆನಡಾದ 12 ನಗರಗಳ ಅಧ್ಯಯನದಲ್ಲಿ ನೈಟ್ರೋಜನ್ ಡೈಆಕ್ಸೈಡ್ ಮತ್ತು ಸಲ್ಫರ್ ಡೈಆಕ್ಸೈಡ್ ಏರಿದಾಗ ಇಂಥ ಸಾವುಗಳೂ ಏರಿದವು.

ಆದರೆ ತೊಡಕುಗಳಿವೆ. ಚಳಿಗಾಲದಲ್ಲಿ ಮಾಲಿನ್ಯ ನೆಲಮಟ್ಟದಲ್ಲೇ ನಿಲ್ಲುತ್ತದೆ. ನೆಗಡಿ ಸೋಂಕುಗಳು, ಮಗುವಿಗೆ ದಪ್ಪ ಬಟ್ಟೆ ಸುತ್ತುವುದು ಹೆಚ್ಚುವುದೂ ಆಗಲೇ. ಯಾವುದರಿಂದ ಏನಾಯಿತು ಎಂದು ಬಿಡಿಸಲು ಸಂಶೋಧಕರು ಸಾವಿನ ದಿನದ ಗಾಳಿಯನ್ನು ಅದೇ ತಿಂಗಳ ಬೇರೆ ವಾರಗಳಲ್ಲಿ ಬರುವ ಅದೇ ವಾರದಿನದ ಗಾಳಿಯೊಂದಿಗೆ, ಉದಾಹರಣೆಗೆ ಮಂಗಳವಾರವನ್ನು ಮಂಗಳವಾರಗಳೊಂದಿಗೆ, ಹೋಲಿಸುತ್ತಾರೆ. ಮಗು ಅದೇ, ಮನೆ ಅದೇ, ಋತುವೂ ಅದೇ ಆದ್ದರಿಂದ ಬಡತನ, ಧೂಮಪಾನದಂಥ ಗೊಂದಲಗಳು ತಾವಾಗಿ ಕಳಚಿಕೊಳ್ಳುತ್ತವೆ. ಉಳಿಯುವ ಕೊರತೆ ಅಳತೆಯದು: ಮಾಪಕ ಇರುವುದು ಬೀದಿಯಲ್ಲಿ, ಕೂಸು ಮಲಗಿರುವುದು ಮುಚ್ಚಿದ ಕೋಣೆಯಲ್ಲಿ. ಮೊದಲು ಸಿಡ್ಸ್ ಎಂದು ಬರೆಯುತ್ತಿದ್ದ ಸಾವುಗಳನ್ನು ಈಗ ಉಸಿರುಗಟ್ಟುವಿಕೆ ಅಥವಾ ‘ಕಾರಣ ತಿಳಿಯದು’ ಎಂದು ದಾಖಲಿಸುವುದೂ ಹೆಚ್ಚಿರುವುದರಿಂದ, ಹಳೆಯ ಮತ್ತು ಹೊಸ ಅಂಕಿಗಳನ್ನು ನೇರವಾಗಿ ಪಕ್ಕಪಕ್ಕ ಇಡಲಾಗದು.

ಆದ್ದರಿಂದ ತನಿಖೆಯ ಹಂತದಲ್ಲೇ ಮಾಡಬೇಕಾದದ್ದು ಬಹಳ. ನಿಕೋಟಿನ್ ದೇಹದಲ್ಲಿ ಒಡೆದಾಗ ಉಂಟಾಗುವ ಕೋಟಿನೈನ್ ಎಂಬ ವಸ್ತುವನ್ನು ಅಳೆದರೆ ಮಗುವಿಗೆ ಇತ್ತೀಚೆಗೆ ಎಷ್ಟು ತಂಬಾಕಿನ ಹೊಗೆ ತಗುಲಿತ್ತೆಂದು ಗೊತ್ತಾಗುತ್ತದೆ, ಮನೆಯವರ ನೆನಪನ್ನೇ ನಂಬಬೇಕಾಗಿಲ್ಲ. ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿದಾಗ ಉಂಟಾಗುವ ಕಾರ್ಬಾಕ್ಸಿಹಿಮೋಗ್ಲೋಬಿನ್ ರಕ್ತದಲ್ಲಿ ಎಷ್ಟಿದೆ ಎಂದು ನೋಡುವುದನ್ನು ಬಿಡಲೇಬಾರದು. ಒಂದೇ ಕೋಣೆಯಲ್ಲಿ ಒಂದೇ ರಾತ್ರಿ ಎರಡು ಮಕ್ಕಳು ತೀರಿಕೊಂಡಿದ್ದರಂತೂ ಮೊದಲು ಶಂಕಿಸಬೇಕಾದದ್ದು ಒಲೆ ಅಥವಾ ಹೀಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡನ್ನು. ಅದು ಸಾಬೀತಾದರೆ ಸಿಡ್ಸ್ ಎಂದು ಬರೆಯುವಂತಿಲ್ಲ, ಅದು ವಿಷಾನಿಲದಿಂದಾದ ಸಾವು; ಶಂಕೆ ಬಂದ ಕೂಡಲೇ, ಸಾಬೀತಾಗಲೆಂದು ಕಾಯದೆ, ಮನೆಯಲ್ಲಿ ಉಳಿದವರನ್ನು ಹೊರಗೆ ಕಳಿಸಬೇಕು.