ಡಿಸೈನ್ ಇದೆ, ಡೇಟಾ ಇದೆ, ಕನ್ನಡದ ವೆಬ್ ಪುಟಕ್ಕೆ ಇನ್ನೇನು ಅಡ್ಡಿ?

‘ಡಿಸೈನ್ ರೆಡಿ ಅದ, ಎಕ್ಸೆಲ್‌ದಾಗ ಡೇಟಾ ಅದ, ಇನ್ನೇನ್ ಬೇಕ್ರೀ?’ ಕಲಬುರಗಿಯಲ್ಲಿ ವೆಬ್‌ಸೈಟ್ ಮಾಡಿಕೊಡುವವರಿಗೆ ಈ ಮಾತು ಹೊಸದಲ್ಲ. ಕೇಳುವವರದ್ದೂ ತಪ್ಪಲ್ಲ. ಬೇಳೆ ಮಿಲ್ ಇರಲಿ, ಕೋಚಿಂಗ್ ಸೆಂಟರ್ ಇರಲಿ, ಶಹಾಬಾದ್ ಕಲ್ಲಿನ ವ್ಯಾಪಾರ ಇರಲಿ, ಕೈಯಲ್ಲಿ ಒಂದು ಚಂದದ ಚಿತ್ರ ಇದೆ, ತುಂಬಿಸಬೇಕಾದ ಪಟ್ಟಿ ಇದೆ. ಎರಡೂ ಸೇರಿದರೆ ಪುಟ ಆಗಬೇಕು, ಅಲ್ವಾ? ಆದರೆ ಕನ್ನಡ ಹಾಕಿದ ಕೂಡಲೇ ಒತ್ತಕ್ಷರ ಅರ್ಧಕ್ಕೆ ತುಂಡಾಗುತ್ತದೆ. ಬಟನ್‌ನಿಂದ ಪದ ಹೊರಗೆ ಬರುತ್ತದೆ. ಬೆಲೆಗಳು ಏರಿಕೆ ಕ್ರಮದಲ್ಲಿ ನಿಲ್ಲುವುದಿಲ್ಲ. ಕೊನೆಗೆ ಇಡೀ ಪುಟವನ್ನೇ ಒಂದು ಫೋಟೋ ಮಾಡಿ ಹಾಕಿಬಿಡುತ್ತಾರೆ. ಇದು ಇವತ್ತು ಶುರುವಾದ ತೊಂದರೆಯಲ್ಲ.

ಜಗತ್ತಿನ ಕತೆಯನ್ನು ಬೇಗ ಮುಗಿಸೋಣ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದ ಮೊದಲ ವೆಬ್ ತಾಣವನ್ನು ಎಲ್ಲರಿಗೂ ತೆರೆದರು. ಅದರಲ್ಲಿ ಇದ್ದದ್ದು ಬರಹ ಮತ್ತು ಲಿಂಕ್ ಅಷ್ಟೇ. 1994ರಲ್ಲಿ ಹೋಕನ್ ವಿಯಂ ಲೀ ಒಂದು ಪ್ರಸ್ತಾವ ಇಟ್ಟರು: ಪುಟದಲ್ಲಿ ಏನಿದೆ ಅನ್ನೋದು ಒಂದು ಕಡೆ ಇರಲಿ, ಹೇಗೆ ಕಾಣಬೇಕು ಅನ್ನೋದು ಇನ್ನೊಂದು ಕಡೆ ಇರಲಿ. ಅದೇ ಸಿಎಸ್‌ಎಸ್, 1996ರ ಡಿಸೆಂಬರಿನಲ್ಲಿ ಅಧಿಕೃತವಾಯಿತು. ಬ್ರೌಸರ್‌ಗಳು ಅದನ್ನು ನೆಟ್ಟಗೆ ಪಾಲಿಸಲು ಮತ್ತೂ ಹಲವು ವರ್ಷ ಹಿಡಿದವು. ಅಲ್ಲಿಯವರೆಗೆ ಫೋಟೋಶಾಪ್‌ನಲ್ಲಿ ಮಾಡಿದ ಡಿಸೈನನ್ನು ತುಂಡು ತುಂಡಾಗಿ ಕತ್ತರಿಸಿ ಟೇಬಲ್‌ನ ಮನೆಗಳಲ್ಲಿ ಜೋಡಿಸುವುದೇ ಕೆಲಸ. 2010ರಲ್ಲಿ ಈಥನ್ ಮಾರ್ಕಾಟ್, ಪರದೆಯ ಅಳತೆಗೆ ಹೊಂದಿಕೊಳ್ಳುವ ಪುಟದ ವಿಚಾರ ಮುಂದಿಟ್ಟರು. 2011ರಲ್ಲಿ ಪುಟ ಕಟ್ಟಲು ಸಿದ್ಧ ತುಣುಕುಗಳನ್ನು ಕೊಡುವ ಬೂಟ್‌ಸ್ಟ್ರ್ಯಾಪ್ ಬಂತು, 2017ರಲ್ಲಿ ಪುಟವನ್ನು ಅಡ್ಡ-ಉದ್ದ ಮನೆಗಳಾಗಿ ಜೋಡಿಸುವ ಸಿಎಸ್‌ಎಸ್ ಗ್ರಿಡ್ ಬ್ರೌಸರ್‌ಗಳೊಳಗೇ ಬಂತು. ಇಂಗ್ಲಿಷ್ ಪುಟಗಳ ಮಟ್ಟಿಗೆ ಕತ್ತರಿ ಕೆಲಸ ಅಲ್ಲಿಗೆ ಮುಗಿಯಿತು.

ಕನ್ನಡದ ದಾರಿ ಬೇರೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಒತ್ತು, ಗುಣಿತ ಕೂಡಿಸಿ ತೋರಿಸುವುದು ಆಗಿನ ಕಂಪ್ಯೂಟರ್‌ಗಳಿಗೆ ಬರುತ್ತಿರಲಿಲ್ಲ. ತುಂಗಾ ಫಾಂಟ್ ಜೊತೆಗೆ ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಅಲ್ಲಿಯವರೆಗೆ ಕನ್ನಡಿಗರು ಕೈಕಟ್ಟಿ ಕೂರಲಿಲ್ಲ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲತಾಣ 1996ರಲ್ಲೇ ಶುರುವಾಯಿತು. 1998ರಲ್ಲಿ ಕನ್ನಡ ಟೈಪ್ ಮಾಡಲು ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಸಮೇತ, ಸರ್ಕಾರಿ ಕಚೇರಿಯಿಂದ ಡಿಟಿಪಿ ಅಂಗಡಿಯವರೆಗೆ ಎಲ್ಲ ಕಡೆ ನೆಲೆಯೂರಿತು. ಕನ್ನಡ ಕಂಪ್ಯೂಟರಿನಲ್ಲಿ ಬೇರೂರಿದ್ದರಲ್ಲಿ ಇವರ ಪಾಲು ದೊಡ್ಡದು.

ಆ ಕಾಲದ ಫಾಂಟ್‌ಗಳು ಮಾಡಿದ್ದು ಇಷ್ಟು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿದವು. ಫಾಂಟ್ ಇದ್ದ ಕಡೆ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಟೋಪಿ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ರಾಶಿ. ‘ಕಲ್ಬುರ್ಗಿ’ ಎಂಬ ಒಂದು ಪದವನ್ನೇ ಹತ್ತಿರದಿಂದ ನೋಡಿ. ಯೂನಿಕೋಡ್ ಇದನ್ನು ಬಾಯಲ್ಲಿ ಹೇಳುವ ಕ್ರಮದಲ್ಲೇ ಇಡುತ್ತದೆ: ‘ರ’ಕಾರ ಮೊದಲು, ‘ಗಿ’ ಆಮೇಲೆ. ಹಳೆಯ ಫಾಂಟ್ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ: ‘ಗಿ’ ಮೊದಲು, ಅರ್ಕಾವತ್ತು ಆಮೇಲೆ. ಪ್ರಿಂಟ್ ತೆಗೆದರೆ ಎರಡೂ ಒಂದೇ. ಹುಡುಕಿದರೆ, ಅಕಾರಾದಿಯಲ್ಲಿ ಜೋಡಿಸಿದರೆ ಎರಡೂ ಬೇರೆ ಬೇರೆ. ಹಳೆಯ ಕಡತವನ್ನು ಯೂನಿಕೋಡ್‌ಗೆ ತರುವಾಗ ಪರಿವರ್ತಕ ಎಡವುವುದೂ ಜಾಸ್ತಿ ಇಂಥ ಜಾಗದಲ್ಲೇ. ಅದಕ್ಕೇ ಪರಿವರ್ತನೆಯಾದ ಮೇಲೆ ಒಬ್ಬರು ಕೂತು ಒಂದೊಂದು ಸಾಲನ್ನೂ ಓದಲೇಬೇಕು. ಈ ಕೆಲಸಕ್ಕೆ ಯಾರೂ ದುಡ್ಡು ತೆಗೆದಿಡುವುದಿಲ್ಲ ಎನ್ನುವುದು ಬೇಸರದ ಸಂಗತಿ.

ಯೂನಿಕೋಡ್ ಬಂದ ಮೇಲೂ ಹಳೆಯ ಫಾಂಟ್ ಯಾಕೆ ಉಳಿಯಿತು? ಡಿಸೈನ್ ಮಾಡುವ ತಂತ್ರಾಂಶಗಳಿಂದ. ಕಲಬುರಗಿಯ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಶರಣಬಸವೇಶ್ವರ ಜಾತ್ರೆಯ ಬ್ಯಾನರ್, ಕಾಲೇಜಿನ ಪ್ರಾಸ್ಪೆಕ್ಟಸ್ ಎಲ್ಲ ಆಗುತ್ತಿದ್ದದ್ದು ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್‌ಗಳಲ್ಲಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಕೊನೆಯವರೆಗೂ ಬರಲೇ ಇಲ್ಲ. ಫೋಟೋಶಾಪ್‌ಗೆ ಭಾರತೀಯ ಲಿಪಿ ಜೋಡಿಸುವ ಶಕ್ತಿ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ, ಅದೂ ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರೆ ಮಾತ್ರ. ಬೆಳಗ್ಗೆ ಕೊಟ್ಟ ಬ್ಯಾನರ್ ಸಂಜೆಗೆ ಬೇಕು ಅನ್ನುವ ಗಿರಾಕಿ ಎದುರಿಗೆ ನಿಂತಿರುವಾಗ, ಕೈಗೆ ಪಳಗಿದ ನುಡಿಯನ್ನು ಬಿಟ್ಟು ಯಾರು ಹೋಗುತ್ತಾರೆ? ಹೀಗಾಗಿ ವೆಬ್‌ಗೆ ಬರುವ ಡಿಸೈನ್ ಹಳೆಯ ಫಾಂಟಿನಲ್ಲೇ ಬಂತು. ಅದನ್ನು ಬರಹವಾಗಿ ಎತ್ತಿಕೊಳ್ಳಲಾಗದೆ ಚಿತ್ರವಾಗಿಯೇ ಏರಿಸಿದರು.

ಚಿತ್ರವಾದ ಕನ್ನಡವನ್ನು ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಬರಹದಂತೆ ಓದಲಾರದು. ಅಪ್ಪ-ಅಮ್ಮನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದರೂ ಚಿತ್ರದೊಳಗಿನ ಅಕ್ಷರ ದೊಡ್ಡದಾಗುವುದಿಲ್ಲ. ಒಂದು ಫೋನ್ ನಂಬರ್ ಬದಲಾದರೆ ಮತ್ತೆ ಡಿಟಿಪಿ ಅಂಗಡಿಗೇ ಹೋಗಬೇಕು.

ಈ ಪದ್ಧತಿಯ ಬೆಲೆ ಎಷ್ಟು ಅಂತ ನಮ್ಮ ಭಾಗಕ್ಕೆ ತೋರಿಸಿಕೊಟ್ಟದ್ದು 2014. ಆ ವರ್ಷ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಊರಿನ ಹೆಸರು ಡೇಟಾದಲ್ಲಿ ಒಂದೇ ಕಡೆ ಇದ್ದ ಪುಟಗಳಲ್ಲಿ ಒಂದು ಸಾಲು ತಿದ್ದಿದರೆ ಸಾಕಿತ್ತು. ಬ್ಯಾನರ್ ಚಿತ್ರದಲ್ಲಿ, ಮೆನುವಿನಲ್ಲಿ, ಪಿಡಿಎಫ್‌ನಲ್ಲಿ ಹೆಸರು ಬೆರೆತುಹೋಗಿದ್ದ ಕಡೆ ಒಂದೊಂದನ್ನೂ ಹೊಸದಾಗಿ ಮಾಡಬೇಕಾಯಿತು. ಗಾಡಿಗಳ ನಂಬರ್ ಪ್ಲೇಟ್ ನೋಡಿ: ಹೆಸರು ಬದಲಾದರೂ ಕೆಎ 32 ಹಾಗೇ ಉಳಿಯಿತು. ಡೇಟಾ ಇಡುವ ರೀತಿಯೂ ಅದೇ. ಬದಲಾಗದ ಒಂದು ಕೋಡ್ ಒಳಗಿರಬೇಕು, ಜನ ಓದುವ ಹೆಸರು ಅದರ ಪಕ್ಕದಲ್ಲಿ ಇರಬೇಕು. ಇಲ್ಲದಿದ್ದರೆ ಗುಲ್ಬರ್ಗಾ, ಕಲಬುರಗಿ, ಕಲಬುರ್ಗಿ, ಕಲ್ಬುರ್ಗಿ ಎಂಬ ನಾಲ್ಕು ಊರುಗಳು ಒಂದೇ ಪಟ್ಟಿಯಲ್ಲಿ ಹುಟ್ಟಿಕೊಳ್ಳುತ್ತವೆ.

ಇದಕ್ಕಿಂತ ಕಣ್ಣು ತಪ್ಪಿಸುವ ಸಂಗತಿ ಇನ್ನೊಂದಿದೆ. 2009ರ ಕೊನೆಯಲ್ಲಿ ಯಾದಗಿರಿ ನಮ್ಮ ಜಿಲ್ಲೆಯಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಶಹಾಪುರ, ಸುರಪುರಗಳೂ ಆ ಕಡೆ ಹೋದವು. ಇದನ್ನು ತಿಳಿಯದೆ ಜಿಲ್ಲೆಯ ತೊಗರಿ ಬೆಳೆಯ ಹಳೆಯ ಮತ್ತು ಹೊಸ ಅಂಕಿಗಳನ್ನು ಒಂದೇ ಗ್ರಾಫ್‌ನಲ್ಲಿ ಹಾಕಿದರೆ, ಬೆಳೆ ದಿಢೀರ್ ಕುಸಿಯಿತು ಅನ್ನಿಸುತ್ತದೆ. ಕುಸಿದದ್ದು ಬೆಳೆಯಲ್ಲ, ಬದಲಾದದ್ದು ಗಡಿ. ಗ್ರಾಫ್ ಎಷ್ಟೇ ಚಂದ ಇದ್ದರೂ ಈ ಒಂದು ಟಿಪ್ಪಣಿ ಇಲ್ಲದಿದ್ದರೆ ಅದು ಸುಳ್ಳು ಹೇಳುತ್ತದೆ. ಮುಂದೆ ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ್ ತಾಲ್ಲೂಕುಗಳಾದಾಗ ತಾಲ್ಲೂಕುವಾರು ಪಟ್ಟಿಗಳಿಗೂ ಇದೇ ಗತಿ.

ತೊಗರಿಯ ಮಾತು ಬಂದಮೇಲೆ ಬೆಲೆ ಪಟ್ಟಿಯ ಬಗ್ಗೆಯೂ ಹೇಳಬೇಕು. ಈ ಊರಿಗೆ ಅದಕ್ಕಿಂತ ಮುಖ್ಯವಾದ ಟೇಬಲ್ ಇನ್ನೊಂದಿಲ್ಲ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ದಿನಾಂಕ, ಮಾರುಕಟ್ಟೆ, ತಳಿ, ಆವಕ, ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಹೆಚ್ಚು ಮಾಲು ಮಾರಾಟವಾದ ಬೆಲೆ): ಏಳು ಕಾಲಂ. ಕಂಪ್ಯೂಟರ್ ಪರದೆಯಲ್ಲಿ ಆರಾಮಾಗಿ ಕೂರುತ್ತದೆ. ಆದರೆ 2016ರಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ರೈತರು ಪಟ್ಟಿ ನೋಡುತ್ತಿರುವುದು ಫೋನಿನಲ್ಲಿ. ಅಲ್ಲಿ ಮೊದಲ ಮೂರು ಕಾಲಂ ಕಾಣುತ್ತವೆ, ಬೇಕಾದ ಬೆಲೆ ಪರದೆಯಾಚೆ ಇರುತ್ತದೆ. ಒಂದೊಂದು ಸಾಲನ್ನೂ ಒಂದೊಂದು ಚೌಕ ಮಾಡಿ, ಮಾದರಿ ಬೆಲೆಯನ್ನು ಮೇಲೆ ದಪ್ಪಗೆ ಇಟ್ಟರೆ ಸಾಕು. ಕೆಲವೇ ಸಾಲಿನ ಸಿಎಸ್‌ಎಸ್ ಕೆಲಸ ಅದು. ಆದರೆ ಅದಕ್ಕೆ ಡೇಟಾ ಶುದ್ಧವಾಗಿರಬೇಕು. ಬೆಲೆಯ ಮನೆಯಲ್ಲಿ ‘7,550/-’ ಎಂದೋ ‘೭೫೫೦’ ಎಂದೋ ಟೈಪ್ ಮಾಡಿದ್ದರೆ ಕಂಪ್ಯೂಟರ್ ಅದನ್ನು ಅಂಕಿಯೆಂದು ಹಿಡಿಯುವುದು ಅನುಮಾನ. ಒಳಗೆ ಬರಿ ಅಂಕಿ ಇಟ್ಟು, ಕಾಮಾ, ರೂಪಾಯಿ ಚಿಹ್ನೆ, ಕನ್ನಡ ಅಂಕಿಗಳನ್ನು ತೋರಿಸುವಾಗ ಸೇರಿಸಬೇಕು.

ಇನ್ನು ಡಿಸೈನ್. ಈಗ ಬಹಳ ಜನ ಫಿಗ್ಮಾ ಎಂಬ ಡಿಸೈನ್ ತಂತ್ರಾಂಶದಲ್ಲಿ ಮಾಡುತ್ತಾರೆ. ಯೂನಿಕೋಡ್ ಕನ್ನಡಕ್ಕೆ ನೋಟೊ ಸಾನ್ಸ್ ಕನ್ನಡದಂಥ ಒಳ್ಳೆಯ ಉಚಿತ ಫಾಂಟ್‌ಗಳಿವೆ. ಆದರೂ ಡಿಸೈನ್ ಆಗುವುದು ಇಂಗ್ಲಿಷ್ ಪದಗಳನ್ನಿಟ್ಟು, ಕನ್ನಡ ಕೊನೆಯಲ್ಲಿ ಬರುತ್ತದೆ. ‘ಸೈನ್ ಅಪ್’ ಹಿಡಿಸುವ ಬಟನ್‌ನಲ್ಲಿ ‘ನೋಂದಾಯಿಸಿಕೊಳ್ಳಿ’ ಹಿಡಿಸುವುದಿಲ್ಲ. ಇಂಗ್ಲಿಷ್‌ಗೆ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದರೆ ನಡೆಯುತ್ತದೆ. ‘ರಾಷ್ಟ್ರೀಯ’ ಎಂದು ಬರೆದರೆ ಎರಡೆರಡು ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ಕನ್ನಡಕ್ಕೆ 1.6ರ ಆಸುಪಾಸು ಬೇಕು. ಫಾಂಟಿನಲ್ಲಿ ದಪ್ಪ ಅಕ್ಷರ ಇಲ್ಲದಿದ್ದರೆ ಬ್ರೌಸರ್ ತಾನೇ ದಪ್ಪ ಮಾಡುತ್ತದೆ, ಆಗ ‘ದ’ ಮತ್ತು ‘ಧ’ ಚಿಕ್ಕ ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಕನ್ನಡದ ಅತಿ ಉದ್ದದ ಪದ ಹಾಕಿ ಡಿಸೈನ್ ಶುರು ಮಾಡಿದರೆ ಇಂಗ್ಲಿಷ್ ತಾನಾಗಿಯೇ ಹಿಡಿಸುತ್ತದೆ. ಉಲ್ಟಾ ಮಾಡಿದರೆ ಹಿಡಿಸುವುದಿಲ್ಲ.

ಕಲಬುರಗಿ, ಬೀದರ್‌ಗಳಲ್ಲಿ ಮೂರನೆಯ ಲಿಪಿಯೂ ಇದೆ. ಎಷ್ಟೋ ಅಂಗಡಿಗಳ ಬೋರ್ಡಿನಲ್ಲಿ ಕನ್ನಡ, ಇಂಗ್ಲಿಷ್ ಪಕ್ಕದಲ್ಲೇ ಉರ್ದು ಇರುತ್ತದೆ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ, ನಸ್ತಾಲಿಕ್ ಬರವಣಿಗೆ ಓರೆಯಾಗಿ ಇಳಿಯುತ್ತದೆ. ಇನ್‌ಪೇಜ್ ತಂತ್ರಾಂಶದ ಕಾಲದಲ್ಲಿ ಉರ್ದು ಪತ್ರಿಕೆಗಳೂ ಪುಟಗಳನ್ನು ಚಿತ್ರವಾಗಿಯೇ ವೆಬ್‌ಗೆ ಹಾಕುತ್ತಿದ್ದವು, ಕನ್ನಡದ ಹಾಗೆಯೇ. ಈಗ ಯಾವ ಭಾಗ ಯಾವ ಭಾಷೆ, ಯಾವ ದಿಕ್ಕು ಎಂದು ಕೋಡ್‌ನಲ್ಲಿ ಬರೆದರೆ ಬ್ರೌಸರ್ ಮೂರನ್ನೂ ಒಂದೇ ಪುಟದಲ್ಲಿ ನಿಭಾಯಿಸುತ್ತದೆ.

ಈಚೆಗೆ ಡಿಸೈನ್‌ನ ಚಿತ್ರ ಕೊಟ್ಟರೆ ಎಐ ನಿಮಿಷದಲ್ಲಿ ಕೋಡ್ ಬರೆದುಕೊಡುತ್ತಿದೆ. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಚಿತ್ರದಲ್ಲಿ ಇದ್ದದ್ದನ್ನೇ ಅದು ನಕಲು ಮಾಡುತ್ತದೆ: ಇಂಗ್ಲಿಷ್‌ಗೆ ಹೊಂದುವ ಎತ್ತರ, ಅಳತೆ ಕಟ್ಟಿಟ್ಟ ಪೆಟ್ಟಿಗೆ, ಕೋಡ್‌ನೊಳಗೇ ಬರೆದುಬಿಟ್ಟ ಊರಿನ ಹೆಸರು. ಅದರಿಂದ ಕೆಲಸ ಮಾಡಿಸುವವರು ಈ ಮೂರನ್ನೂ ಮೊದಲೇ ಬಿಡಿಸಿ ಹೇಳಬೇಕು. ಹಾಗೆ ಹೇಳಿ ಮಾಡಿಸಿದ ಪುಟವನ್ನು ಅಗ್ಗದ ಫೋನ್ ಒಂದರಲ್ಲಿ, ಅಕ್ಷರದ ಗಾತ್ರ ದೊಡ್ಡದು ಮಾಡಿ, ಒಂದು ಸಲ ತೆರೆದು ನೋಡಿದರೆ ಏನು ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ.