ಹೋಮ್ ಸರ್ವರ್ ಡ್ಯಾಶ್‌ಬೋರ್ಡ್: ಒಂದು ಕಾರ್ಡಿಗೆ ಎರಡು ವಿಳಾಸ

ಮನೆಯಲ್ಲೇ ಸರ್ವರ್ ಇಟ್ಟುಕೊಂಡವರ ಹತ್ತಿರ ನೋಡನೋಡುತ್ತಲೇ ಆ್ಯಪ್‌ಗಳ ಸಂತೆ ನೆರೆದುಬಿಡುತ್ತದೆ. ಫೋಟೋಗೆ ಇಮ್ಮಿಚ್, ಸಿನಿಮಾಗೆ ಜೆಲ್ಲಿಫಿನ್, ಲೈಟು-ಫ್ಯಾನಿಗೆ ಹೋಮ್ ಅಸಿಸ್ಟೆಂಟ್. ಒಂದು 2283ನೇ ಪೋರ್ಟಿನಲ್ಲಿ (ಸರ್ವರ್‌ನಲ್ಲಿ ಆ ಆ್ಯಪ್‌ನ ಬಾಗಿಲ ನಂಬರು), ಇನ್ನೊಂದು 8096ರಲ್ಲಿ, ಮತ್ತೊಂದು 8123ರಲ್ಲಿ. ಹಾಕಿದವರಿಗೆ ಈ ನಂಬರುಗಳು ಬಾಯಿಪಾಠ. ಮನೆಯ ಉಳಿದವರು ಮಾತ್ರ ಪ್ರತಿ ಸಲ ಕೇಳಿಯೇ ತೆರೆಯಬೇಕು. ಡ್ಯಾಶ್‌ಬೋರ್ಡ್ ಅಂದರೆ ಎಲ್ಲ ಆ್ಯಪ್‌ಗಳನ್ನೂ ಕಾರ್ಡುಗಳಾಗಿ ತೋರಿಸುವ ಒಂದೇ ಪುಟ, ಅದು ಬೇಕಾಗುವುದು ಮೊದಲು ಅವರಿಗೆ.

ಮೌಸ್‌ನಲ್ಲೇ ಎಳೆದು ಜೋಡಿಸಬೇಕು, ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇರಬೇಕು ಅನ್ನುವವರಿಗೆ ಹೋಮಾರ್ ಎಂಬ ಡ್ಯಾಶ್‌ಬೋರ್ಡ್ ಸರಿ. ನಾನು ಜಾಸ್ತಿ ಹಾಕಿಕೊಡುವುದು ಹೋಮ್‌ಪೇಜ್ ಎಂಬ ಇನ್ನೊಂದನ್ನು. ಅದರ ಸೆಟ್ಟಿಂಗ್ ಪೂರ್ತಿ ನಾಲ್ಕಾರು ಯಾಮಲ್ (ಸೆಟ್ಟಿಂಗ್ ಬರೆಯುವ ಸರಳ ಪಠ್ಯ ರೂಪ) ಕಡತಗಳಲ್ಲಿ ಇರುತ್ತದೆ. ಆ ಫೋಲ್ಡರ್ ಕಾಪಿ ಮಾಡಿದರೆ ಬ್ಯಾಕಪ್ ಆಯಿತು. ಯಾಮಲ್‌ನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಗುಂಪುಗಳಿಗೆ ‘ಫೋಟೋ’, ‘ಸಿನಿಮಾ’ ಎಂದು ಕನ್ನಡದಲ್ಲೇ ಹೆಸರಿಡಿ, ಚೆನ್ನಾಗಿ ಕಾಣುತ್ತದೆ.

ಹೆಚ್ಚಿನವರು ಸಿಕ್ಕಿಬೀಳುವುದು ಒಂದೇ ಕಡೆ. ಪ್ರತಿ ಕಾರ್ಡಿಗೂ ಎರಡು ವಿಳಾಸ ಇರುತ್ತವೆ: ಹೆಚ್‌ರೆಫ್ (href) ಒಂದು, ಕಾರ್ಡಿನ ಮೇಲೆ ಅಂಕಿ ತೋರಿಸುವ ವಿಜೆಟ್ ಒಳಗಿನ ಯುಆರ್‌ಎಲ್ (url) ಇನ್ನೊಂದು. ಕಾರ್ಡ್ ಒತ್ತಿದಾಗ ನಿಮ್ಮ ಫೋನಿನ ಬ್ರೌಸರ್ ಹೆಚ್‌ರೆಫ್‌ಗೆ ಹೋಗುತ್ತದೆ. ಕಾರ್ಡಿನ ಮೇಲೆ ಎಷ್ಟು ಸಿನಿಮಾ, ಎಷ್ಟು ಫೋಟೋ ಅಂತ ತೋರಿಸಲು ಹೋಮ್‌ಪೇಜ್ ಕಂಟೇನರ್ (ಡಾಕರ್ ಎಂಬ ತಂತ್ರಾಂಶ ಒಂದೊಂದು ಆ್ಯಪ್ ಅನ್ನೂ ಬೇರೆಯಾಗಿ ಇಟ್ಟು ಓಡಿಸುವ ಡಬ್ಬಿ) ತಾನೇ ಆ ಯುಆರ್‌ಎಲ್ ಅನ್ನು ಕೇಳುತ್ತದೆ. ಕೇಳುವವರೇ ಬೇರೆ, ಅಲ್ವಾ?

ಜೆಲ್ಲಿಫಿನ್ ಕಾರ್ಡನ್ನೇ ನೋಡಿ. ಸರ್ವರ್ 192.168.1.10ರಲ್ಲಿ ಇದೆ ಎಂದಿಟ್ಟುಕೊಳ್ಳಿ. ಹೆಚ್‌ರೆಫ್‌ನಲ್ಲಿ ಆ ಐಪಿ ಮತ್ತು 8096 ಬರೆಯಬೇಕು. ಎರಡೂ ಕಂಟೇನರ್‌ಗಳು ಒಂದೇ ಡಾಕರ್ ನೆಟ್‌ವರ್ಕ್‌ನಲ್ಲಿದ್ದರೆ ಯುಆರ್‌ಎಲ್‌ನಲ್ಲಿ ಕಂಟೇನರ್ ಹೆಸರು ಮತ್ತು 8096 ಸಾಕು. ಇಲ್ಲಿ ಲೋಕಲ್‌ಹೋಸ್ಟ್ (ಅಂದರೆ ‘ಇದೇ ಯಂತ್ರ’) ಅಂತ ಬರೆದರೆ ಹೋಮ್‌ಪೇಜ್ ತನ್ನ ಕಂಟೇನರ್ ಒಳಗೇ ಜೆಲ್ಲಿಫಿನ್ ಹುಡುಕುತ್ತದೆ. ಸಿಗುವುದಿಲ್ಲ, ಕಾರ್ಡಿನ ಮೇಲೆ ಎಪಿಐ ಎರರ್ ಬರುತ್ತದೆ. ಕಂಟೇನರ್ ಹೆಸರನ್ನು ಹೆಚ್‌ರೆಫ್‌ಗೆ ಹಾಕಿದರೆ ಉಲ್ಟಾ ತೊಂದರೆ: ಅಂಕಿ ಚೆನ್ನಾಗಿ ಬರುತ್ತವೆ, ಒತ್ತಿದರೆ ಪುಟ ತೆರೆಯುವುದಿಲ್ಲ. ಎಪಿಐ ಎರರ್ ಕಂಡ ಕೂಡಲೇ ಸುಮ್ನೆ ಎಪಿಐ ಕೀ (ಆ್ಯಪ್‌ನಿಂದ ಮಾಹಿತಿ ಕೇಳಲು ಬೇಕಾದ ಗುಟ್ಟಿನ ಪದ) ಬದಲಾಯಿಸುತ್ತಾ ಕೂರಬೇಡಿ, ಮೊದಲು ಈ ವಿಳಾಸ ನೋಡಿ.

ಹೀಗೆ ಸರ್ವರ್ ಕಡೆಯಿಂದಲೇ ಕೇಳುವುದರಲ್ಲಿ ಒಂದು ಲಾಭ ಇದೆ. ಎಪಿಐ ಕೀ ಬ್ರೌಸರ್‌ವರೆಗೆ ಬರುವುದೇ ಇಲ್ಲ. ಆದರೂ ಕೀಯನ್ನು ಯಾಮಲ್‌ನಲ್ಲಿ ನೇರ ಬರೆಯದೆ, ಕಂಟೇನರ್‌ಗೆ ಹೊರಗಿನಿಂದ ಕೊಡುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ. ಕಡತವನ್ನು ಯಾರಿಗಾದರೂ ತೋರಿಸಬೇಕಾಗಿ ಬಂದಾಗ ನೆಮ್ಮದಿ.

ಹೋಮ್‌ಪೇಜ್‌ನ 1.0 ಆವೃತ್ತಿಯಿಂದ ಈಚೆಗೆ ಅಲೌಡ್ ಹೋಸ್ಟ್ಸ್ (HOMEPAGE_ALLOWED_HOSTS) ಎಂಬ ವೇರಿಯಬಲ್ ಕಡ್ಡಾಯ. ಬ್ರೌಸರ್‌ನಲ್ಲಿ ಯಾವ ವಿಳಾಸ ಟೈಪ್ ಮಾಡುತ್ತೀರೋ ಅದನ್ನೇ ಪೋರ್ಟ್ ಸಮೇತ ಅಲ್ಲಿ ಬರೆಯಿರಿ. ಇಲ್ಲದಿದ್ದರೆ ಹೋಸ್ಟ್ ವ್ಯಾಲಿಡೇಷನ್ ಫೇಲ್ ಆಗಿದೆ ಎನ್ನುತ್ತದೆ.

ಹೋಮ್‌ಪೇಜ್‌ಗೆ ತನ್ನದೇ ಲಾಗಿನ್ ಇಲ್ಲ. ಹಾಗಾಗಿ ರೌಟರ್‌ನಲ್ಲಿ ಪೋರ್ಟ್ ತೆರೆದು ಅದನ್ನು ಹೊರಗೆ ಬಿಡಲೇಬೇಡಿ. ಊರಿಗೆ ಹೋದಾಗಲೂ ಬೇಕು ಅಂದರೆ ಟೇಲ್‌ಸ್ಕೇಲ್ (ನಿಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ವಿಪಿಎನ್) ಹಾಕಿ. ಸರ್ವರ್ ಅನ್ನೇ ಸಬ್‌ನೆಟ್ ರೌಟರ್ (ಟೇಲ್‌ಸ್ಕೇಲ್‌ನಿಂದ ಮನೆಯ ನೆಟ್‌ವರ್ಕ್‌ಗೆ ದಾರಿ ಕೊಡುವ ಯಂತ್ರ) ಮಾಡಿಕೊಂಡರೆ ಅದೇ 192.168.1.10 ಹೊರಗಿನಿಂದಲೂ ತೆರೆಯುತ್ತದೆ, ಹೆಚ್‌ರೆಫ್ ಒಂದನ್ನೂ ತಿದ್ದಬೇಕಾಗಿಲ್ಲ.

ಕೊನೆಯದಾಗಿ ಡಾಕರ್ ಸಾಕೆಟ್, ಅಂದರೆ ಡಾಕರ್ ಜೊತೆ ಮಾತಾಡಲು ಇರುವ ಕಡತ. ಕಂಟೇನರ್ ಓಡುತ್ತಿದೆಯೇ ಎಂದು ತೋರಿಸಲು ಅದನ್ನು ಹೋಮ್‌ಪೇಜ್‌ಗೆ ಮೌಂಟ್ ಮಾಡುತ್ತಾರೆ. ರೀಡ್-ಓನ್ಲಿ ಹಾಕಿದ್ದೇನೆ, ಭಯವಿಲ್ಲ ಎನ್ನುವವರು ತುಂಬಾ ಜನ. ಅದರಿಂದ ಸಾಕೆಟ್ ಕಡತ ಬದಲಾಗುವುದಿಲ್ಲ, ಅಷ್ಟೇ. ಆ ಸಾಕೆಟ್ ಮೂಲಕ ಡಾಕರ್‌ಗೆ ಆದೇಶ ಕೊಡುವುದು ತಪ್ಪುವುದಿಲ್ಲ. ಬೇಕೇ ಬೇಕು ಅಂದರೆ ನಡುವೆ ಆದೇಶಗಳನ್ನು ಸೋಸುವ ಸಾಕೆಟ್ ಪ್ರಾಕ್ಸಿ ಇಟ್ಟು, ಓದುವುದಕ್ಕೆ ಮಾತ್ರ ಬಿಡಿ. ಮನೆಯ ಮಟ್ಟಿಗೆ ನಾನು ಅದನ್ನೂ ಹಾಕುವುದಿಲ್ಲ. ಸೈಟ್ ಮಾನಿಟರ್ (siteMonitor) ಎಂಬ ಒಂದು ಸಾಲು ಸೇರಿಸಿದರೆ ಆ್ಯಪ್ ಎಷ್ಟು ಮಿಲಿಸೆಕೆಂಡಿನಲ್ಲಿ ಉತ್ತರಿಸಿತು ಎಂದು ಕಾರ್ಡಿನಲ್ಲೇ ಕಾಣುತ್ತದೆ. ಇದನ್ನೂ ಕೇಳುವುದು ಹೋಮ್‌ಪೇಜ್ ಕಂಟೇನರೇ, ಆದ್ದರಿಂದ ಇಲ್ಲೂ ಒಳಗಿನ ವಿಳಾಸವನ್ನೇ ಕೊಡಿ.